ಸ್ಟ್ರೀಟ್ ಫೈಟರ್ 2 ಮನೆಗೆ ತರುವುದಾದರೆ ಯಾವುದನ್ನು ತರಬೇಕು?

"ಸ್ಟ್ರೀಟ್ ಫೈಟರ್ 2 ಮತ್ತೆ ಆಡಬೇಕು ಅನ್ನಿಸ್ತಿದೆ, ಯಾವುದು ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಇದು ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೊ ಆಟ. ನಿಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ? ಹಳೆಯ ಗೆಳೆಯನಾ, ಎಂಟು ವರ್ಷದ ಮಗಳಾ, ಬೇರೆ ಊರಲ್ಲಿರುವ ತಮ್ಮನಾ, ಇಲ್ಲಾ ಯಾರೂ ಇಲ್ವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ. ಉಳಿದ ಅರ್ಧವನ್ನು ನಿಮ್ಮ ಕೈಯಲ್ಲಿರುವ ಕಂಟ್ರೋಲರ್ ತೀರ್ಮಾನ ಮಾಡುತ್ತದೆ.

ಚಿತ್ರ ಎಷ್ಟು ಚೆನ್ನಾಗಿದೆ, ಬಣ್ಣ ಎಷ್ಟಿದೆ ಅನ್ನುವುದು ಆಮೇಲಿನ ಮಾತು. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ, ಆಮೇಲೆ ಬೇಜಾರು ಮಾಡಿಕೊಳ್ಳುತ್ತಾರೆ.

ಆರು ಬಟನ್ ಯಾಕೆ ಮುಖ್ಯ

ಜಪಾನಿನ ಕ್ಯಾಪ್‌ಕಾಮ್ ಕಂಪನಿ ಈ ಆಟವನ್ನು ಆರ್ಕೇಡ್‌ಗೆ, ಅಂದರೆ ಕಾಸು ಹಾಕಿ ಆಡುವ ದೊಡ್ಡ ಮಷೀನ್‌ಗೆ, ತಂದಿದ್ದು 1991ರಲ್ಲಿ. ಒಂದು ಸ್ಟಿಕ್, ಆರು ಬಟನ್. ಮೇಲಿನ ಸಾಲಿನಲ್ಲಿ ಮೂರು ಗುದ್ದು, ಕೆಳಗಿನ ಸಾಲಿನಲ್ಲಿ ಮೂರು ಒದೆ. ಎಡದಿಂದ ಬಲಕ್ಕೆ ಹೋದಂತೆ ಹಗುರ, ಮಧ್ಯಮ, ಜೋರು. 1987ರ ಮೊದಲ ಸ್ಟ್ರೀಟ್ ಫೈಟರ್‌ನ ದೊಡ್ಡ ಮಷೀನ್‌ನಲ್ಲಿ ಎರಡೇ ರಬ್ಬರ್ ಪ್ಯಾಡ್ ಇದ್ದವು. ಎಷ್ಟು ಜೋರಾಗಿ ಕುಟ್ಟುತ್ತೀರೋ ತೆರೆಯ ಮೇಲೆ ಅಷ್ಟು ಜೋರು ಏಟು. ಕೈ ನೋವು, ಮಷೀನ್ ಹಾಳು. ಅದನ್ನು ಬಿಟ್ಟು ಆರು ಬಟನ್‌ಗೆ ಬಂದ ಮೇಲೆ ಆಟ ತೋಳಿನ ಬಲದಿಂದ ಬೆರಳಿನ ಲೆಕ್ಕಕ್ಕೆ ಬಂತು.

ಆ ಲೆಕ್ಕ ಏನು ಅಂದರೆ, ಹಗುರ ಗುದ್ದು ಬೇಗ ಬರುತ್ತದೆ, ಬೇಗ ವಾಪಸ್ ಹೋಗುತ್ತದೆ. ಎದುರಾಳಿ ನುಗ್ಗಿ ಬರುವಾಗ ಅವನನ್ನು ತಡೆಯಲು ಅದು ಬೇಕು. ಜೋರು ಒದೆ ಎಟುಕುವ ದೂರ ಜಾಸ್ತಿ, ಆದರೆ ತಪ್ಪಿದರೆ ನೀವು ಬಯಲಲ್ಲಿ ನಿಂತ ಹಾಗೆ. ರ್ಯೂ ಅನ್ನುವ ಪಾತ್ರ ಎಸೆಯುವ ಬೆಂಕಿ ಚೆಂಡು, ಅಂದರೆ ಹಡೋಕೆನ್ ಕೂಡ ಹಾಗೇ. ಹಗುರ ಗುದ್ದಿನಿಂದ ಹೊಡೆದರೆ ನಿಧಾನ, ಜೋರು ಗುದ್ದಿನಿಂದ ಹೊಡೆದರೆ ವೇಗ. ನಿಧಾನದ ಬೆಂಕಿ ಚೆಂಡನ್ನು ಬಿಟ್ಟು ಅದರ ಹಿಂದೆಯೇ ನಡೆದು ಹೋಗುವುದು ಒಂದು ಉಪಾಯ. ಎರಡು ಬಟನ್ ಕಮ್ಮಿ ಮಾಡಿದರೆ ಇಂಥ ಉಪಾಯಗಳೆಲ್ಲ ಕೈ ತಪ್ಪುತ್ತವೆ.

ಇದಕ್ಕೆ ಒಳ್ಳೆಯ ಉದಾಹರಣೆ 90ರ ದಶಕದ ಹೋಮ್ ಕಂಪ್ಯೂಟರ್ ಆವೃತ್ತಿಗಳು. ಅಮಿಗಾ, ಕಮೊಡೋರ್ 64, ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಎಲ್ಲದಕ್ಕೂ ಈ ಆಟ ಬಂತು. ಆ ಕಾಲದಲ್ಲಿ ಅವುಗಳ ಜಾಯ್‌ಸ್ಟಿಕ್‌ಗೆ ಸಾಮಾನ್ಯವಾಗಿ ಒಂದೇ ಬಟನ್. ಆರು ಏಟುಗಳನ್ನು ಒಂದು ಬಟನ್‌ಗೆ ತುರುಕಿದರೆ ಏನಾಗುತ್ತದೋ ಅದೇ ಆಯಿತು. ಗೇಮ್ ಬಾಯ್ ಆವೃತ್ತಿ 1995ರಲ್ಲಿ ಬಂತು. ಎರಡು ಬಟನ್ ಮಾತ್ರ, ಒತ್ತಿ ಬಿಟ್ಟರೆ ಹಗುರ, ಹಿಡಿದರೆ ಜೋರು. ಜಾಗ ಸಾಲದೆ ಮೂರು ಪಾತ್ರಗಳನ್ನೇ ತೆಗೆದುಹಾಕಿದರು. ಅದರಲ್ಲಿ ಭಾರತದ ಯೋಗಿ, ನಮ್ಮ ಧಾಲ್ಸಿಮ್ ಒಬ್ಬ. ಸಂಗ್ರಹ ಮಾಡುವವರಿಗೆ ಇವು ಪ್ರೀತಿಯ ವಸ್ತುಗಳು. ಆಡಲು ಬೇಕು ಅಂದರೆ ಬಿಟ್ಟುಬಿಡಿ.

ಹೆಸರು ಒಂದು, ಆಟ ಐದು

ಅಂಗಡಿಯಲ್ಲಿ ಹುಡುಕುವ ಮುಂಚೆ ಇದನ್ನು ತಿಳಿದುಕೊಳ್ಳಲೇಬೇಕು. ಸ್ಟ್ರೀಟ್ ಫೈಟರ್ 2 ಅನ್ನುವ ಹೆಸರಿನಲ್ಲಿ 1991ರಿಂದ 1994ರ ಒಳಗೆ ಐದು ಆರ್ಕೇಡ್ ಆಟಗಳು ಬಂದವು.

ಮೊದಲನೆಯದು ವರ್ಲ್ಡ್ ವಾರಿಯರ್. ಎಂಟು ಪಾತ್ರ, ನಾಲ್ಕು ಬಾಸ್, ಅಂದರೆ ಕೊನೆಯಲ್ಲಿ ಎದುರಾಗುವ ಕಂಪ್ಯೂಟರ್ ಎದುರಾಳಿಗಳು. ಬಾಸ್‌ಗಳನ್ನು ನೀವು ಆಡುವಂತಿಲ್ಲ, ಇಬ್ಬರೂ ಒಂದೇ ಪಾತ್ರ ತೆಗೆದುಕೊಳ್ಳುವಂತಿಲ್ಲ. ಒಂದು ಏಟಿಗೆ ಇನ್ನೊಂದು ಏಟು ಸೇರಿಸಿ ಬಿಡದೆ ಹೊಡೆಯುವ ಕಾಂಬೊ ಇದರಲ್ಲೇ ಹುಟ್ಟಿದ್ದು. ಅದನ್ನು ಯಾರೂ ಯೋಚಿಸಿ ಮಾಡಿರಲಿಲ್ಲ. ಆಟ ತಯಾರಾಗುವಾಗ ಸಿಕ್ಕಿದ ಒಂದು ಲೋಪ ಅದು. ತಂಡದವರು ಅದನ್ನು ಸರಿಪಡಿಸದೆ ಹಾಗೇ ಉಳಿಸಿಕೊಂಡರು. ಇವತ್ತಿನ ಎಲ್ಲ ಫೈಟಿಂಗ್ ಆಟಗಳೂ ಆ ತೀರ್ಮಾನದ ಮೇಲೆ ನಿಂತಿವೆ.

1992ರ ಚಾಂಪಿಯನ್ ಎಡಿಷನ್‌ನಲ್ಲಿ ನಾಲ್ಕು ಬಾಸ್‌ಗಳೂ ಆಡಲು ಸಿಕ್ಕರು. ರ್ಯೂ ಎದುರು ರ್ಯೂ ಆಡಬಹುದಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೈಪರ್ ಫೈಟಿಂಗ್ ಬಂತು. ಇದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. ಚಾಂಪಿಯನ್ ಎಡಿಷನ್ ಬೋರ್ಡ್‌ಗಳನ್ನು ತಿದ್ದಿ, ವೇಗ ಹೆಚ್ಚಿಸಿ, ಗಾಳಿಯಲ್ಲೇ ಬೆಂಕಿ ಎಸೆಯುವ ಹಾಗೆ ಮಾಡಿದ ಕಳ್ಳ ಆವೃತ್ತಿಗಳು ಲೋಕವೆಲ್ಲ ಹರಡಿದ್ದವು. ಅವಕ್ಕೆ ಕ್ಯಾಪ್‌ಕಾಮ್ ಕೊಟ್ಟ ಉತ್ತರವೇ ಈ ಆಟ. ವೇಗ ಹೆಚ್ಚಾಯಿತು. ಚುನ್-ಲಿ ಬೆಂಕಿ ಚೆಂಡು ಕಲಿತಳು, ಧಾಲ್ಸಿಮ್ ಮಾಯವಾಗಿ ಇನ್ನೊಂದು ಕಡೆ ಬರುವುದನ್ನು ಕಲಿತ.

1993ರಲ್ಲಿ ಸೂಪರ್ ಸ್ಟ್ರೀಟ್ ಫೈಟರ್ 2. ಕ್ಯಾಮಿ, ಫೇ ಲಾಂಗ್, ಡೀ ಜೇ, ಟಿ. ಹಾಕ್ ಹೊಸದಾಗಿ ಸೇರಿದರು. ಚಿತ್ರ, ಸಂಗೀತ ಎರಡೂ ಬದಲಾದವು, ವೇಗ ಮಾತ್ರ ಹಿಂದಕ್ಕೆ ಹೋಯಿತು. 1994ರ ಸೂಪರ್ ಟರ್ಬೊದಲ್ಲಿ ವೇಗ ವಾಪಸ್ ಬಂತು. ಜೊತೆಗೆ ಸೂಪರ್ ಕಾಂಬೊ ಅನ್ನುವ ವಿಶೇಷ ಏಟು ಮತ್ತು ಗುಟ್ಟಾಗಿ ಅಡಗಿದ್ದ ಅಕುಮ ಅನ್ನುವ ಪಾತ್ರ. ಇವತ್ತಿಗೂ ಪಂದ್ಯಗಳಲ್ಲಿ ಆಡುವುದು ಇದನ್ನೇ.

ನನ್ನ ಅಭಿಪ್ರಾಯ ಕೇಳಿದರೆ ಮನೆಗೆ ಹೈಪರ್ ಫೈಟಿಂಗ್ ಸಾಕು. 12 ಪಾತ್ರ, ಕಲಿಯಲು ಸುಲಭ, ವೇಗವೂ ಇದೆ. ಸೂಪರ್ ಟರ್ಬೊ ಆಳವಾದ ಆಟ, ಆದರೆ ಅದರಲ್ಲಿ ಹೊಸಬರಿಗೆ ದಯೆ ಇಲ್ಲ. ಅಮೆರಿಕದ ಆವೃತ್ತಿಯಲ್ಲಿ ಕಂಪ್ಯೂಟರ್ ಎಷ್ಟು ಕ್ರೂರ ಅಂದರೆ ಮೊದಲ ಎದುರಾಳಿಯನ್ನೇ ದಾಟಲು ಆಗುವುದಿಲ್ಲ. ಒಬ್ಬರೇ ಕೂತು ಆಡುವವರು ಅದರಿಂದ ಶುರು ಮಾಡಬೇಡಿ.

ಸೂಪರ್ ನಿಂಟೆಂಡೊ ಮತ್ತು ಮೆಗಾ ಡ್ರೈವ್

ಹಳೆಯ ಮಷೀನ್, ಹಳೆಯ ಕ್ಯಾಸೆಟ್ ಬೇಕು ಅನ್ನುವವರಿಗೆ ನಿಜವಾದ ಪೈಪೋಟಿ ಟೀವಿಗೆ ಜೋಡಿಸುವ ಈ ಎರಡು ಮಷೀನ್‌ಗಳ ನಡುವೆಯೇ. ಒಂದು ನಿಂಟೆಂಡೊದ್ದು, ಇನ್ನೊಂದು ಸೆಗಾದ್ದು.

ಸೂಪರ್ ನಿಂಟೆಂಡೊಗೆ ವರ್ಲ್ಡ್ ವಾರಿಯರ್ ಬಂದಿದ್ದು 1992ರಲ್ಲಿ. 16 ಮೆಗಾಬಿಟ್ ಕ್ಯಾಸೆಟ್, ಅಂದರೆ 2 ಮೆಗಾಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲಿ ಎಂಟು ದೇಶ, ಹನ್ನೆರಡು ಜನ, ಅಷ್ಟೂ ಸಂಗೀತ ತುಂಬಿದ್ದಾರೆ. ನನಗೆ ಇದು ಈಗಲೂ ಅಚ್ಚರಿ. ಕೆಲವನ್ನು ಬಿಟ್ಟುಕೊಟ್ಟಿದ್ದಾರೆ ನಿಜ. ಆರ್ಕೇಡ್ ತೆರೆಯ ಅಗಲ 384 ಪಿಕ್ಸೆಲ್ ಇದ್ದರೆ ಇಲ್ಲಿ 256. ಪಾತ್ರಗಳು ಸ್ವಲ್ಪ ಚಿಕ್ಕವು. ಪೀಪಾಯಿ ಒಡೆಯುವ ಬೋನಸ್ ಹಂತ ಹೋಗಿ ಇಟ್ಟಿಗೆ ಒಡೆಯುವುದು ಬಂತು. ಆದರೆ ಏಟಿನ ಹದ ಮಾತ್ರ ಸರಿಯಾಗಿ ಉಳಿಯಿತು. ಜನ 63 ಲಕ್ಷ ಪ್ರತಿ ಕೊಂಡರು. ಕ್ಯಾಪ್‌ಕಾಮ್‌ನ ಯಾವ ಒಂದೇ ಆಟವೂ ಬಹಳ ವರ್ಷ ಆ ಸಂಖ್ಯೆಯನ್ನು ದಾಟಲಿಲ್ಲ.

ಈ ಕ್ಯಾಸೆಟ್ ನಿಮ್ಮ ಹತ್ತಿರ ಇದ್ದರೆ ಒಂದು ಕೀಲಿ ಹೇಳುತ್ತೇನೆ. ಆಟ ಶುರುವಾಗಿ ಕ್ಯಾಪ್‌ಕಾಮ್ ಹೆಸರು ಕಾಣುವಾಗ ಕೆಳಗೆ, ಆರ್, ಮೇಲೆ, ಎಲ್, ವೈ, ಬಿ ಒತ್ತಿ. ಇಬ್ಬರೂ ಒಂದೇ ಪಾತ್ರ ತೆಗೆದುಕೊಳ್ಳಬಹುದು. "ರ್ಯೂ ನಂಗೆ ಬೇಕು" ಅನ್ನುವ ಜಗಳ ಅಲ್ಲಿಗೆ ಮುಗಿಯುತ್ತದೆ.

ಆದರೆ ಈಗ ಹೊಸದಾಗಿ ಕೊಳ್ಳುವುದಾದರೆ ಇದರ ಬದಲು 1993ರ ಟರ್ಬೊ ಕ್ಯಾಸೆಟ್ ತೆಗೆದುಕೊಳ್ಳಿ. 20 ಮೆಗಾಬಿಟ್. ಹೈಪರ್ ಫೈಟಿಂಗ್ ಜೊತೆಗೆ ನಾರ್ಮಲ್ ಅನ್ನುವ ಹೆಸರಿನಲ್ಲಿ ಚಾಂಪಿಯನ್ ಎಡಿಷನ್ ನಿಯಮಗಳೂ ಇವೆ. ವೇಗವನ್ನು ನಕ್ಷತ್ರಗಳ ಲೆಕ್ಕದಲ್ಲಿ ಏರಿಸಬಹುದು. ಸಾಮಾನ್ಯವಾಗಿ ನಾಲ್ಕು, ಕೋಡ್ ಹಾಕಿದರೆ ಹತ್ತು. ಹತ್ತನೆಯದರಲ್ಲಿ ಕಣ್ಣು ಹಿಂದೆ ಬೀಳುತ್ತದೆ, ಎರಡು ಮೂರು ಸಾಕು.

ಮೆಗಾ ಡ್ರೈವ್‌ಗೆ ಬಂದಿದ್ದು ಸ್ಪೆಷಲ್ ಚಾಂಪಿಯನ್ ಎಡಿಷನ್, 1993ರ ಸೆಪ್ಟೆಂಬರ್‌ನಲ್ಲಿ, 24 ಮೆಗಾಬಿಟ್. ಇದರಲ್ಲೂ ಚಾಂಪಿಯನ್, ಹೈಪರ್ ಎರಡೂ ಇವೆ. ಗುಂಪು ಕಟ್ಟಿಕೊಂಡು ಒಬ್ಬರಾದ ಮೇಲೆ ಒಬ್ಬರನ್ನು ಇಳಿಸುವ ಗ್ರೂಪ್ ಬ್ಯಾಟಲ್ ಕೂಡ ಇದೆ. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಇದು ತುಂಬಾ ಚೆನ್ನಾಗಿ ನಡೆಯುತ್ತದೆ. ಬಣ್ಣದಲ್ಲಿ ಮಾತ್ರ ಹಿಂದೆ. ಮೆಗಾ ಡ್ರೈವ್ ಒಮ್ಮೆಗೆ ತೋರಿಸುವುದು ಸುಮಾರು 64 ಬಣ್ಣ, ಸೂಪರ್ ನಿಂಟೆಂಡೊ 256. ದನಿಯೂ ಒರಟು. "ಹಡೋಕೆನ್" ಅನ್ನುವಾಗ ಗಂಟಲು ಕಟ್ಟಿದವರು ಕೂಗಿದ ಹಾಗೆ ಕೇಳುತ್ತದೆ.

ಹಾಗಾದರೆ ಸೂಪರ್ ನಿಂಟೆಂಡೊ ಗೆದ್ದಿತು ಅಂತ ಹೇಳಿಬಿಡಬಹುದಾ? ಇಲ್ಲಿಯೇ ಬಟನ್ ಮಾತು ಬರುತ್ತದೆ. ಸೂಪರ್ ನಿಂಟೆಂಡೊ ಪ್ಯಾಡ್‌ನಲ್ಲಿ ಮುಖದ ಮೇಲೆ ನಾಲ್ಕು ಬಟನ್, ಹೆಗಲ ಮೇಲೆ ಎರಡು. ಜೋರು ಗುದ್ದು ಎಲ್‌ನಲ್ಲಿ, ಜೋರು ಒದೆ ಆರ್‌ನಲ್ಲಿ. ಅಂದರೆ ಗುದ್ದುಗಳು ಎರಡೂ ಕೈಗೆ ಹಂಚಿಹೋಗುತ್ತವೆ. ಅಭ್ಯಾಸ ಆಗುತ್ತದೆ, ಆದರೆ ಸಮಯ ಬೇಕು. ಸೆಗಾ ತಂದ ಆರು ಬಟನ್ ಪ್ಯಾಡ್‌ನಲ್ಲಿ ಆರ್ಕೇಡ್‌ನ ಹಾಗೆಯೇ ಎರಡು ಸಾಲು, ಮೂರು ಮೂರು. ಬಲಗೈ ಬೆರಳುಗಳು ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತವೆ. ಆರ್ಕೇಡ್‌ನಲ್ಲಿ ಆಡಿ ಬೆಳೆದವರಿಗೆ ಇದು ಮನೆಗೆ ಬಂದ ಹಾಗಿರುತ್ತದೆ.

ಅದೇ ಮೆಗಾ ಡ್ರೈವ್‌ನಲ್ಲಿ ಹಳೆಯ ಮೂರು ಬಟನ್ ಪ್ಯಾಡ್ ಹಿಡಿದರೆ ಕಥೆ ತಲೆಕೆಳಗು. ಗುದ್ದಿನಿಂದ ಒದೆಗೆ ಹೋಗಲು ಪ್ರತಿ ಸಲ ಸ್ಟಾರ್ಟ್ ಒತ್ತಬೇಕು. ಹೊಡೆದಾಟದ ಮಧ್ಯೆ ಅದು ಆಗುವ ಕೆಲಸವೇ ಅಲ್ಲ. ಹಾಗಾಗಿ ನನ್ನ ಮಾತು ಇಷ್ಟೇ. ಆರು ಬಟನ್ ಪ್ಯಾಡ್ ಎರಡು ಸಿಗುತ್ತವೆ ಅಂತಾದರೆ ಮೆಗಾ ಡ್ರೈವ್ ಯೋಚಿಸಿ. ಇಲ್ಲ ಅಂದರೆ ಸೂಪರ್ ನಿಂಟೆಂಡೊ ಟರ್ಬೊ.

ಯುರೋಪಿನ ಕ್ಯಾಸೆಟ್ ಕೊಳ್ಳುವಾಗ ಎಚ್ಚರ. ಅಲ್ಲಿನ, ನಮ್ಮಲ್ಲಿನ ಹಳೆಯ ಪಾಲ್ ಟೀವಿಗಳು 50 ಹರ್ಟ್ಸ್. ಆಟ ತಯಾರಾಗಿದ್ದು 60ಕ್ಕೆ. ಸಾಮಾನ್ಯವಾಗಿ ಯುರೋಪಿನ ಆವೃತ್ತಿಗಳು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಜಪಾನಿನ ಕ್ಯಾಸೆಟ್ ಆದರೆ ವೇಗ ಸರಿ ಇರುತ್ತದೆ, ಹೆಸರು ಗಲಿಬಿಲಿ ಮಾಡುತ್ತದೆ. ಅಲ್ಲಿ ಬಾಕ್ಸರ್‌ನ ಹೆಸರು ಎಂ. ಬೈಸನ್. ಅವನು ಮೈಕ್ ಟೈಸನ್ ಹಾಗೆ ಕಾಣುತ್ತಾನೆ, ಕೇಸು ಬೀಳಬಹುದು ಅಂತ ಹೊರದೇಶಗಳಿಗೆ ಮೂವರು ಬಾಸ್‌ಗಳ ಹೆಸರನ್ನು ಅದಲು ಬದಲು ಮಾಡಿದರು. ಬಾಕ್ಸರ್ ಬಾಲ್‌ರಾಗ್ ಆದ, ಸ್ಪೇನಿನ ಮುಖವಾಡದವನು ವೇಗಾ ಆದ, ಕೊನೆಯ ಸರ್ವಾಧಿಕಾರಿ ಬೈಸನ್ ಆದ. ಜಪಾನಿನ ಗೆಳೆಯರ ಜೊತೆ ಮಾತಾಡುವಾಗ ಬಾಕ್ಸರ್, ಕ್ಲಾ, ಡಿಕ್ಟೇಟರ್ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಮಾತ್ರ ಬಂದ ಪಿಸಿ ಎಂಜಿನ್ ಆವೃತ್ತಿ ಒಂದು ತೆಳು ಕಾರ್ಡ್‌ನಲ್ಲಿ ಬಂದ ಅದ್ಭುತ, ಆದರೆ ಆ ಮಷೀನ್‌ನ ಸಾಮಾನ್ಯ ಪ್ಯಾಡ್‌ಗೆ ಎರಡೇ ಆಟದ ಬಟನ್. ಆರು ಬಟನ್ ಪ್ಯಾಡ್ ಬೇರೆ ಹುಡುಕಬೇಕು. 3ಡಿಒ ಅನ್ನುವ ಸೀಡಿ ಮಷೀನ್‌ಗೆ 1994ರಲ್ಲಿ ಸೂಪರ್ ಟರ್ಬೊ ಬಂತು, ಸೀಡಿ ಸಂಗೀತ ತುಂಬಾ ಚಂದ. ಆದರೆ ಅಮೆರಿಕದಲ್ಲಿ ಆ ಮಷೀನ್ ಶುರುವಿನಲ್ಲಿ 699 ಡಾಲರ್ ಇತ್ತು. ಸೂಪರ್ ನಿಂಟೆಂಡೊಗೂ ಮೆಗಾ ಡ್ರೈವ್‌ಗೂ ಸೂಪರ್ ಟರ್ಬೊ ಆಗ ಬರಲೇ ಇಲ್ಲ, ಯಾರಾದರೂ ಇದೆ ಅಂದರೆ ನಂಬಬೇಡಿ. ಬಂದಿದ್ದು ಅದರ ಹಿಂದಿನ ಸೂಪರ್ ಮಾತ್ರ. 2001ರ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿ ನೋಡಲು ಚೆನ್ನ, ನಾಲ್ಕೇ ಬಟನ್.

ಈಗ ಸಿಗುವವು

ಹಳೆಯ ಮಷೀನ್ ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. 2017ರಲ್ಲಿ ನಿಂಟೆಂಡೊ ತಂದ ಪುಟ್ಟ ಸೂಪರ್ ನಿಂಟೆಂಡೊದಲ್ಲಿ ಟರ್ಬೊ ಒಳಗೇ ಇದೆ, ಎರಡು ಪ್ಯಾಡ್ ಪೆಟ್ಟಿಗೆಯಲ್ಲೇ ಬರುತ್ತವೆ. ಸಿಕ್ಕರೆ ಬಿಡಬೇಡಿ. 2019ರ ಮೆಗಾ ಡ್ರೈವ್ ಮಿನಿಯಲ್ಲೂ ಸ್ಪೆಷಲ್ ಚಾಂಪಿಯನ್ ಎಡಿಷನ್ ಇದೆ. ಆದರೆ ಅಮೆರಿಕ, ಯುರೋಪಿನ ಪೆಟ್ಟಿಗೆಯಲ್ಲಿ ಬಂದಿದ್ದು ಮೂರು ಬಟನ್ ಪ್ಯಾಡ್. ಜಪಾನಿನ ಪೆಟ್ಟಿಗೆಯಲ್ಲಿ ಆರು. ಈ ಒಂದು ವ್ಯತ್ಯಾಸ ನೋಡಿಕೊಳ್ಳದೆ ಕೊಂಡರೆ ಆಟ ಇದ್ದೂ ಇಲ್ಲದ ಹಾಗೆ.

ಹೊಸ ಕನ್ಸೋಲ್‌ಗಳಲ್ಲಿ ಸಂಗ್ರಹಗಳಿವೆ. 2018ರ ಥರ್ಟಿಯತ್ ಆನಿವರ್ಸರಿ ಕಲೆಕ್ಷನ್‌ನಲ್ಲಿ 12 ಆಟ. ಮೇಲೆ ಹೇಳಿದ ಐದೂ ಆರ್ಕೇಡ್ ರೂಪದಲ್ಲೇ ಸಿಗುತ್ತವೆ. ಆನ್‌ಲೈನ್ ಆಡಲು ಆಗುವುದು ನಾಲ್ಕು ಆಟ, ಅದರಲ್ಲಿ ಹೈಪರ್ ಫೈಟಿಂಗ್ ಮತ್ತು ಸೂಪರ್ ಟರ್ಬೊ ಎರಡೂ ಸೇರಿವೆ. ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಒಬ್ಬರೇ ಆಡುವವರಿಗೆ 2021ರ ಕ್ಯಾಪ್‌ಕಾಮ್ ಆರ್ಕೇಡ್ ಸ್ಟೇಡಿಯಂ ಅನುಕೂಲ. ತಪ್ಪು ಮಾಡಿದರೆ ಆಟವನ್ನು ಸ್ವಲ್ಪ ಹಿಂದಕ್ಕೆ ಓಡಿಸಬಹುದು, ವೇಗ ಇಳಿಸಬಹುದು. ಆನ್‌ಲೈನ್ ಹೊಡೆದಾಟ ಅದರಲ್ಲಿ ಇಲ್ಲ.

2022ರ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್‌ನಲ್ಲಿ ಹೈಪರ್ ಸ್ಟ್ರೀಟ್ ಫೈಟರ್ 2 ಇದೆ. ಹೆಸರು ಹೈಪರ್ ಫೈಟಿಂಗ್ ಥರ ಕೇಳಿಸುತ್ತದೆ, ಅದು ಬೇರೆ ಆಟ. ಇದರಲ್ಲಿ ಐದೂ ಆವೃತ್ತಿಯ ಪಾತ್ರಗಳು ಒಂದೇ ಕಡೆ ಇವೆ. ನೀವು 1991ರ ಗೈಲ್ ತೆಗೆದುಕೊಳ್ಳಬಹುದು, ಎದುರಿನವರು 1994ರ ಕೆನ್ ತೆಗೆದುಕೊಳ್ಳಬಹುದು. ಹಳೆಯದು ಮೇಲಾ ಹೊಸದು ಮೇಲಾ ಅಂತ ವರ್ಷಗಟ್ಟಲೆ ವಾದ ಮಾಡಿದ ಗೆಳೆಯರಿದ್ದರೆ ಇದನ್ನೇ ಕೊಡಿಸಿ.

ದೂರದ ತಮ್ಮನ ಜೊತೆ ಆಡುವುದಾದರೂ ನನ್ನ ಆಯ್ಕೆ ಇದೇ, ಯಾಕೆಂದರೆ ಇದರಲ್ಲಿ ರೋಲ್‌ಬ್ಯಾಕ್ ಇದೆ. ಅಂದರೆ ಎದುರಿನವರ ಬಟನ್ ಸುದ್ದಿ ಬರುವವರೆಗೆ ಆಟ ಕಾಯುವುದಿಲ್ಲ. ಅವರು ಏನು ಒತ್ತಿರಬಹುದು ಅಂತ ಊಹಿಸಿ ಮುಂದೆ ಹೋಗುತ್ತದೆ. ಊಹೆ ತಪ್ಪಿದರೆ ಕಣ್ಣಿಗೆ ಕಾಣದಷ್ಟು ಬೇಗ ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತದೆ. ಈ ಪದ್ಧತಿಗೂ ನಮ್ಮ ಆಟಕ್ಕೂ ನಂಟಿದೆ. 2006ರಲ್ಲಿ ಎಕ್ಸ್‌ಬಾಕ್ಸ್ 360ಗೆ ಹೈಪರ್ ಫೈಟಿಂಗ್ ಬಂದಾಗ ಅದರ ಆನ್‌ಲೈನ್ ಆಟ ಸಮಾಧಾನ ಕೊಡಲಿಲ್ಲ. ಅದರಿಂದ ಬೇಸತ್ತ ಟೋನಿ ಕ್ಯಾನನ್ ಅನ್ನುವವರು ಜಿಜಿಪಿಒ ಅನ್ನುವ ರೋಲ್‌ಬ್ಯಾಕ್ ತಂತ್ರಾಂಶ ಬರೆದರು. ಇವತ್ತು ಬೇರೆ ಬೇರೆ ದೇಶದವರು ಕೂತಲ್ಲೇ ಹೊಡೆದಾಡುತ್ತಿದ್ದಾರೆ ಅಂದರೆ ಅದರಲ್ಲಿ ಈ ಆಟದ ಪಾಲೂ ಇದೆ.

ಮಕ್ಕಳ ಜೊತೆ ಆಡುವುದಾದರೆ ಲೆಕ್ಕ ಬೇರೆ. ಮಗು ಪ್ರತಿ ಸಲ ಸೋತರೆ ಎದ್ದು ಹೋಗುತ್ತದೆ, ನೀವು ಬೇಕಂತಲೇ ಸೋತರೆ ಅದಕ್ಕೆ ಗೊತ್ತಾಗಿಬಿಡುತ್ತದೆ. ನಿಂಟೆಂಡೊದ ಸ್ವಿಚ್ ಮಷೀನ್‌ಗೆ 2017ರಲ್ಲಿ ಬಂದ ಅಲ್ಟ್ರಾ ಸ್ಟ್ರೀಟ್ ಫೈಟರ್ 2ರಲ್ಲಿ ಬಡ್ಡಿ ಬ್ಯಾಟಲ್ ಅಂತ ಇದೆ. ನೀವಿಬ್ಬರೂ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ. ಹಳೆಯ ಚಿತ್ರವೂ ಇದೆ, ಹೊಸದಾಗಿ ಬಿಡಿಸಿದ ಚಿತ್ರವೂ ಇದೆ. ಹಳಬರು ಈ ಆವೃತ್ತಿಯನ್ನು ಅಷ್ಟಾಗಿ ಮೆಚ್ಚಲಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸ್ವಿಚ್ ಜೊತೆಗೆ ಬರುವ ಪ್ಯಾಡ್, ಅಂದರೆ ಎಡ ಜಾಯ್-ಕಾನ್‌ನಲ್ಲಿ ದಿಕ್ಕಿಗೊಂದು ಬಿಡಿ ಬಟನ್ ಇರುವುದರಿಂದ ಹಡೋಕೆನ್‌ಗೆ ಬೆರಳು ಉರುಳಿಸುವುದು ಕಷ್ಟ. ಬೇರೆ ಪ್ಯಾಡ್ ಇಟ್ಟುಕೊಳ್ಳಿ.

ಮಗುವಿಗೆ ಯಾರನ್ನು ಕೊಡಬೇಕು ಅಂತ ಕೇಳುತ್ತೀರಾ? ನಾನಾದರೆ ಬ್ಲಾಂಕಾ ಕೊಡುತ್ತೇನೆ. ಗುದ್ದು ಬಟನ್ ಪಟಪಟ ಒತ್ತಿದರೆ ಸಾಕು, ಮೈಯಿಂದ ಮಿಂಚು ಬರುತ್ತದೆ. ಧಾಲ್ಸಿಮ್ ನಮ್ಮವನು ಅಂತ ಕೊಡಲು ಮನಸ್ಸಾಗುತ್ತದೆ. ಎರಡೂ ಕಡೆ ಆನೆಗಳು ನಿಂತ ಅವನ ಅಂಗಳ ನೋಡಿದಾಗ ನನಗೂ ಚಿಕ್ಕಂದಿನಲ್ಲಿ ಎದೆ ಉಬ್ಬಿತ್ತು. ತನ್ನ ಬಡ ಹಳ್ಳಿಗೆ ಹಣ ಕೂಡಿಸಲು ಹೊಡೆದಾಡುವವನು ಅವನು. ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಇದು ನಮ್ಮ ಯೋಗ ಹೇಗಾದೀತು ಅನ್ನುವ ಪ್ರಶ್ನೆ ದೊಡ್ಡವನಾದ ಮೇಲೆ ಬಂತು. ಆದರೂ ಅವನನ್ನು ಆಡುವುದು ಬಿಟ್ಟಿಲ್ಲ. ತೆರೆಯ ಅರ್ಧಕ್ಕೆ ಕೈ ಚಾಚಿ ಎದುರಾಳಿಯನ್ನು ದೂರ ಇಡುವ ಆಟ ಬೇರೆ ಯಾರಲ್ಲೂ ಇಲ್ಲ. ಅವನು ನಿಧಾನ, ತಾಳ್ಮೆ ಕೇಳುತ್ತಾನೆ. ಮೊದಲ ವಾರಕ್ಕೆ ಸರಿಹೋಗುವವನಲ್ಲ.

ಯಾವುದೇ ಕೊಂಡರೂ ಎರಡು ಕೆಲಸ ಮಾಡಿ. ಮೊದಲು ಟೀವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ, ಅಂದರೆ ಒಂದಕ್ಕೆ ಸುಮಾರು 17 ಮಿಲಿಸೆಕೆಂಡ್. ಟೀವಿ ಚಿತ್ರ ಚಂದ ಮಾಡಲು ಹೋಗಿ ನಾಲ್ಕೈದು ಚಿತ್ರದಷ್ಟು ತಡ ಮಾಡಿದರೆ ನಿಮ್ಮ ತಡೆ ತಡವಾಗುತ್ತದೆ, ಏಟು ಬೀಳುತ್ತದೆ. ಸುಮ್ನೆ ನಿಮ್ಮ ಕೈಯನ್ನು ಬೈದುಕೊಳ್ಳುತ್ತೀರಿ.

ಎರಡನೆಯದು, ಪ್ಯಾಡ್ ಕೊಳ್ಳುವ ಮುಂಚೆ ಗೆಳೆಯರ ಮನೆಯಲ್ಲೋ ಅಂಗಡಿಯಲ್ಲೋ ಒಮ್ಮೆ ಹಿಡಿದು ನೋಡಿ. ರ್ಯೂ ತೆಗೆದುಕೊಳ್ಳಿ. ಮುಂದೆ, ಕೆಳಗೆ, ಮುಂದೆ-ಕೆಳಗೆ ಮೂಲೆ, ಗುದ್ದು. ಮೇಲೆ ಹಾರುತ್ತಾ ಹೊಡೆಯುವ ಗುದ್ದು, ಶೋರ್ಯುಕೆನ್. ಎಡಗಡೆ ನಿಂತು ಹತ್ತು ಸಲ, ಹಾರಿ ಬಲಗಡೆ ಹೋಗಿ ಹತ್ತು ಸಲ. ಒಂದು ಕಡೆ ಬಂದು ಇನ್ನೊಂದು ಕಡೆ ಮತ್ತೆ ಮತ್ತೆ ತಪ್ಪುತ್ತಿದ್ದರೆ ಆ ಪ್ಯಾಡ್‌ನ ಮೂಲೆ ಸರಿಯಾಗಿ ಒತ್ತುತ್ತಿಲ್ಲ. ಅದನ್ನು ಅಲ್ಲೇ ಇಟ್ಟು ಇನ್ನೊಂದು ಕೇಳಿ.